ಒಂದು ಗಂಟೆ ಕೊಡಿ ಅಂತ ಕೇಳುವಾಗ

ಕಳೆದ ವರ್ಷ ಒಂದು ರಾತ್ರಿ ಒಂದು ದೀರ್ಘ ವರದಿಯನ್ನು ಓದಿ ಮುಗಿಸಿದಾಗ ಹನ್ನೆರಡೂವರೆ ದಾಟಿತ್ತು. ದೀಪ ಆರಿಸಿದರೂ ನಿದ್ದೆ ಹತ್ತಲಿಲ್ಲ. ಇಂಥದ್ದನ್ನು ಓದಿದ ಮೇಲೆ ಒಬ್ಬನೇ ಇಟ್ಟುಕೊಂಡು ಕೂರುವುದು ಕಷ್ಟ, ಯಾರಿಗಾದರೂ ಹೇಳಲೇಬೇಕು ಅನ್ನಿಸುತ್ತದೆ. ಫೋನು ಎತ್ತಿಕೊಂಡು ಓದುವ ಗೆಳೆಯರ ಗುಂಪಿಗೆ ಅದರ ಲಿಂಕ್ ಹಾಕಿ, ಕೆಳಗೆ ‘ತಪ್ಪದೆ ಓದಿ’ ಎಂದು ಬರೆದೆ. ಹತ್ತು ಸೆಕೆಂಡು ಆಗಿರಲಿಲ್ಲ, ಒಬ್ಬರ ಹೆಬ್ಬೆರಳು ಬಂತು. ಅರ್ಧ ನಿಮಿಷಕ್ಕೆ ಇನ್ನೊಬ್ಬರು ‘ಅದ್ಭುತ’ ಅಂದರು. ಮೂರನೆಯವರು ಕೈಮುಗಿದರು. ಆ ಬರಹದಲ್ಲಿ ಸುಮಾರು 16,000 ಪದಗಳಿವೆ. ಎಷ್ಟೇ ಚುರುಕಾಗಿ ಓದಿದರೂ ಒಂದು ಗಂಟೆಗೆ ಕಡಿಮೆಯಿಲ್ಲ.

ಮೊದಲು ಆ ಗೆಳೆಯರ ಮೇಲೆ ಬೇಸರವಾಯಿತು. ಬೆಳಗಾಗುವಷ್ಟರಲ್ಲಿ ಆ ಬೇಸರ ನನ್ನ ಕಡೆಗೇ ತಿರುಗಿತ್ತು. ಹಿಂದಿನ ತಿಂಗಳುಗಳಲ್ಲಿ ನಾನು ಅದೇ ಗುಂಪಿಗೆ ಕಳಿಸಿದ್ದ ಲಿಂಕುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಿದೆ. ಅವುಗಳಲ್ಲಿ ಕೆಲವನ್ನು ನಾನೇ ಕೊನೆಯವರೆಗೆ ಓದಿರಲಿಲ್ಲ. ಒಂದನ್ನಂತೂ ಶೀರ್ಷಿಕೆ ಮತ್ತು ಮೊದಲ ಮೂರು ಪ್ಯಾರಾ ನೋಡಿ ಕಳಿಸಿದ್ದೆ, ಉಳಿದದ್ದನ್ನು ಸಂಜೆ ಓದೋಣ ಅಂದುಕೊಂಡಿದ್ದೆ, ಆ ಸಂಜೆ ಬರಲೇ ಇಲ್ಲ. ಓದದೆ ಮೆಚ್ಚಿದವರಿಗೂ ಓದದೆ ಕಳಿಸಿದ ನನಗೂ ಏನು ವ್ಯತ್ಯಾಸ? ಒಬ್ಬರಿಗೊಬ್ಬರು ಖಾಲಿ ಲಕೋಟೆ ಕಳಿಸಿಕೊಳ್ಳುತ್ತಿದ್ದೆವು. ಅಂದಿನಿಂದ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ‘ಇದನ್ನು ಓದಿ’ ಎಂದು ಇನ್ನೊಬ್ಬರಿಗೆ ಹೇಳುವಾಗ ನಾವು ನಿಜಕ್ಕೂ ಏನನ್ನು ಕೇಳುತ್ತಿರುತ್ತೇವೆ?

ಉದ್ದ ಯಾಕೆ ಬೇಕು

ಆ ರಾತ್ರಿ ನಾನು ಕಳಿಸಿದ್ದು ಡೇವಿಡ್ ಗ್ರ್ಯಾನ್ ಬರೆದ ‘ಟ್ರಯಲ್ ಬೈ ಫೈರ್’. 2009ರ ಸೆಪ್ಟೆಂಬರಿನಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದದ್ದು. 1991ರ ಡಿಸೆಂಬರ್ 23ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಕೋರ್ಸಿಕಾನಾ ಎಂಬ ಊರಿನಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಒಳಗಿದ್ದ ಮೂರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು, ತಂದೆ ಕ್ಯಾಮರಾನ್ ಟಾಡ್ ವಿಲಿಂಗ್‌ಹ್ಯಾಮ್ ಬದುಕಿ ಹೊರಬಂದ. ಬರಹದ ಮೊದಲ ಭಾಗದಲ್ಲಿ ತನಿಖಾಧಿಕಾರಿಗಳು ಮನೆಯೊಳಗೆ ನಡೆದಾಡುತ್ತಾರೆ. ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಹರಡಿರುವ ಸುಟ್ಟ ಕಲೆಗಳು, ಜೇಡರ ಬಲೆಯಂತೆ ಬಿರುಕು ಬಿಟ್ಟ ಕಿಟಕಿಯ ಗಾಜು. ಇವೆಲ್ಲ ಸೀಮೆಎಣ್ಣೆಯಂಥದ್ದೇನನ್ನೋ ಸುರಿದು ಹಚ್ಚಿದ ಬೆಂಕಿಯ ಗುರುತುಗಳು ಎಂದು ಅವರು ಅನುಭವದ ಮಾತಿನಲ್ಲಿ ವಿವರಿಸುತ್ತಾರೆ. ನೆರೆಯವರು ಬಂದು ಸಾಕ್ಷಿ ಹೇಳುತ್ತಾರೆ. ಓದುತ್ತಾ ಓದುತ್ತಾ ನಾನು ಆ ತಂದೆಯೇ ಕೊಂದವನು ಎಂದು ತೀರ್ಮಾನಿಸಿಬಿಟ್ಟಿದ್ದೆ. ಕೊಂಚ ಸಿಟ್ಟೂ ಬಂದಿತ್ತು.

ಆಮೇಲೆ ಬರಹ ನಿಧಾನವಾಗಿ, ಒಂದೊಂದೇ ಮೊಳೆ ಕೀಳುವ ಹಾಗೆ, ಆ ತೀರ್ಮಾನವನ್ನು ಬಿಚ್ಚುತ್ತಾ ಹೋಗುತ್ತದೆ. ಗಾಜು ಹಾಗೆ ಬಿರುಕು ಬಿಡುವುದು ಸುರಿದ ಎಣ್ಣೆಯಿಂದಲ್ಲ. ಕಾದ ಗಾಜಿಗೆ ಅಗ್ನಿಶಾಮಕ ದಳದವರ ತಣ್ಣೀರು ಬಿದ್ದಾಗ ಹಾಗಾಗುತ್ತದೆ. ಬೆಂಕಿ ಇಡೀ ಕೋಣೆಯನ್ನು ಒಮ್ಮೆಲೇ ಆವರಿಸಿದರೆ ಯಾರೂ ಏನೂ ಸುರಿಯದಿದ್ದರೂ ನೆಲದ ಮೇಲೆ ಅಂಥದೇ ಕಲೆಗಳು ಮೂಡುತ್ತವೆ. ಇದನ್ನು ಪ್ರಯೋಗಕ್ಕೆಂದೇ ಒಂದು ಮನೆಗೆ ಬೆಂಕಿ ಹಚ್ಚಿ ನೋಡಿದ್ದರು. ನೆರೆಯವರ ಸಾಕ್ಷಿಯೂ ಮೊದಲು ಒಂದು ಥರ ಇತ್ತು, ಅನುಮಾನ ಹುಟ್ಟಿದ ಮೇಲೆ ಇನ್ನೊಂದು ಥರವಾಯಿತು. ಜೆರಾಲ್ಡ್ ಹರ್ಸ್ಟ್ ಎಂಬ ವಿಜ್ಞಾನಿ ಕಡತಗಳನ್ನೆಲ್ಲ ನೋಡಿ, ಬೆಂಕಿ ಹಚ್ಚಿದ್ದಕ್ಕೆ ಇಲ್ಲಿ ಪುರಾವೆಯೇ ಇಲ್ಲ ಎಂದು ವರದಿ ಕೊಟ್ಟರು. ಕೋರ್ಟು ಆ ತಂದೆಗೆ ಮರಣದಂಡನೆ ವಿಧಿಸಿತ್ತು, ಆ ವರದಿ ಅದು ಜಾರಿಯಾಗುವ ಮೊದಲೇ ಕ್ಷಮಾದಾನ ಮಂಡಳಿಯ ಕೈಗೆ ಹೋಗಿತ್ತು. ಆದರೂ 2004ರ ಫೆಬ್ರವರಿ 17ರಂದು ಶಿಕ್ಷೆ ಜಾರಿಯಾಯಿತು.

ಇದನ್ನೇ ನಾಲ್ಕು ಸಾಲಿನ ಸುದ್ದಿಯಾಗಿ ಓದಿದ್ದರೆ ನನಗೆ ಮಾಹಿತಿ ಸಿಗುತ್ತಿತ್ತು. ನಾನು ಆ ಜ್ಯೂರಿಯಲ್ಲಿ ಕೂತಿದ್ದರೆ ನಾನೂ ಕೈ ಎತ್ತುತ್ತಿದ್ದೆ ಎಂಬ ತಿಳಿವು ಸಿಗುತ್ತಿರಲಿಲ್ಲ. ಅದು ಸಿಗಬೇಕಾದರೆ ಬರಹ ಮೊದಲು ನನ್ನನ್ನು ನಂಬಿಸಬೇಕು, ನಂಬಿ ನೆಮ್ಮದಿಯಾಗಿ ಕೂರುವಷ್ಟು ಹೊತ್ತು ಕೊಡಬೇಕು, ಆಮೇಲೆ ಏಳಿಸಬೇಕು. ಉದ್ದದ ಕೆಲಸ ಅದು. ಮನಸ್ಸು ಒಂದು ಕಡೆ ಬೇರು ಬಿಡುವುದಕ್ಕೂ ಅಲ್ಲಿಂದ ಕಿತ್ತು ಬರುವುದಕ್ಕೂ ಕಾಲ ಹಿಡಿಯುತ್ತದೆ, ಆ ಕಾಲವನ್ನು ಪುಟಗಳೇ ಒದಗಿಸಬೇಕು. (ಇಷ್ಟು ಹೇಳಿ ನಾನು ಅದರ ತಿರುವನ್ನು ನಿಮಗೆ ಮೊದಲೇ ಹೇಳಿಬಿಟ್ಟೆ. ಆದರೂ ಓದಿ. ಎರಡನೇ ಸಲ ಓದಿದಾಗ, ಮೊದಲ ಭಾಗದಲ್ಲಿ ಎಲ್ಲೆಲ್ಲಿ ನಾನು ಸುಮ್ಮನೆ ತಲೆಯಾಡಿಸಿದ್ದೆ ಎಂಬುದು ಕಂಡು ಮೈ ಜುಮ್ಮೆಂದಿತು.)

ಹಾಗಂತ ಉದ್ದವಾಗಿರುವುದೆಲ್ಲ ಓದಬೇಕಾದ್ದಲ್ಲ. ನಾನು ಓದಿದ ದೀರ್ಘ ಬರಹಗಳಲ್ಲಿ ಹಲವು ಇನ್ನೂ ಮೊಟಕಾಗಿದ್ದರೆ ಚೆನ್ನಾಗಿರುತ್ತಿತ್ತು. ಮೊದಲ ಪುಟವೆಲ್ಲ ಆಕಾಶದ ಬಣ್ಣ, ಎರಡನೇ ಪುಟವೆಲ್ಲ ಸಂದರ್ಶನ ಕೊಟ್ಟವರ ಅಂಗಿಯ ಬಣ್ಣ, ವಿಷಯ ಬರುವಷ್ಟರಲ್ಲಿ ಓದುವವರಿಗೆ ಸುಸ್ತು. ಒಂದು ಬರಹವನ್ನು ಇನ್ನೊಬ್ಬರಿಗೆ ಕೊಡುವ ಮೊದಲು ನಾನೀಗ ಇಷ್ಟು ಕೇಳಿಕೊಳ್ಳುತ್ತೇನೆ: ಇದರ ಅರ್ಧ ಕತ್ತರಿಸಿದರೆ ಏನು ಹೋಗುತ್ತದೆ? ಅಲಂಕಾರ ಮಾತ್ರ ಹೋಗುತ್ತದೆ ಅನ್ನಿಸಿದರೆ ಕೊಡುವುದಿಲ್ಲ. ಅಮೆರಿಕದ ಪತ್ರಕರ್ತೆ ಇಡಾ ಟಾರ್ಬೆಲ್ 1902ರಿಂದ 1904ರವರೆಗೆ ‘ಮೆಕ್ಲೂರ್ಸ್’ ಮಾಸಿಕದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಬಗ್ಗೆ 19 ಕಂತು ಬರೆದರು. ಅಷ್ಟೊಂದು ಕಂತು ಬೇಕಾದದ್ದು ಯಾಕೆಂದರೆ, ಆ ಕಂಪನಿ ಒಂದೊಂದು ಸಣ್ಣ ವ್ಯಾಪಾರಿಯನ್ನೂ ಒಂದೊಂದು ಗುಟ್ಟಿನ ರೈಲು ಸಾಗಣೆ ಒಪ್ಪಂದದಿಂದ ಹಿಂಡುತ್ತಾ ಬಂದದ್ದನ್ನು ಕಾಗದಪತ್ರ ಇಟ್ಟೇ ತೋರಿಸಬೇಕಿತ್ತು. 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಂಪನಿಯನ್ನು ಒಡೆಯುವ ಆದೇಶವನ್ನು ಎತ್ತಿಹಿಡಿಯಿತು.

ತಪ್ಪಾದ ಕೈಗೆ, ತಪ್ಪಾದ ಹೊತ್ತಿನಲ್ಲಿ

ಈಗ ಹೇಳಬೇಕಾದ್ದು ಕಷ್ಟದ ಮಾತು. ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ, ಅವರು ಚೆನ್ನಾಗಿ ಓದುವವರು ಎಂಬ ಒಂದೇ ಕಾರಣಕ್ಕೆ, ಜಾನ್ ಫ್ರ್ಯಾಂಕ್ಲಿನ್ ಅವರ ‘ಮಿಸೆಸ್ ಕೆಲ್ಲೀಸ್ ಮಾನ್‌ಸ್ಟರ್’ ಕಳಿಸಿದೆ. 1978ರ ಡಿಸೆಂಬರಿನಲ್ಲಿ ಬಾಲ್ಟಿಮೋರಿನ ಒಂದು ಸಂಜೆ ಪತ್ರಿಕೆಯಲ್ಲಿ ಬಂದ ಬರಹ. ಫೀಚರ್ ಬರವಣಿಗೆಗೆ ಪುಲಿಟ್ಜರ್ ಪ್ರಶಸ್ತಿ ಕೊಡಲು ಶುರುಮಾಡಿದ 1979ರಲ್ಲಿ ಆ ಮೊದಲ ಪ್ರಶಸ್ತಿ ಬಂದದ್ದು ಇದಕ್ಕೇ. ಒಂದು ಮಿದುಳಿನ ಶಸ್ತ್ರಚಿಕಿತ್ಸೆಯ ಕಥೆ. ಕೆಲ್ಲಿ ಎಂಬ ಮಹಿಳೆಯ ಮಿದುಳಿನಲ್ಲಿ ಹುಟ್ಟಿನಿಂದಲೇ ರಕ್ತನಾಳಗಳು ಹೆಣೆದುಕೊಂಡು ಗಂಟಾಗಿವೆ. ಆ ಗಂಟನ್ನೇ ಅವರು ರಾಕ್ಷಸ ಅನ್ನುವುದು. ಸರ್ಜನ್ ಸೂಕ್ಷ್ಮದರ್ಶಕದ ಮೂಲಕ ನೋಡುತ್ತಾ ಕೂದಲೆಳೆಯಷ್ಟು ಜಾಗದಲ್ಲಿ ದಾರಿ ಬಿಡಿಸಿಕೊಂಡು ಒಳಗೆ ಹೋಗುತ್ತಾರೆ. ಹೃದಯ ಬಡಿತದ ಸದ್ದು ಸಾಲುಗಳ ನಡುವೆ ಆಗಾಗ ಕೇಳಿಸುತ್ತಲೇ ಇರುತ್ತದೆ. ವಾಕ್ಯಗಳು ಚಿಕ್ಕವು, ಉಸಿರು ಬಿಗಿಹಿಡಿದವು. ಬರಹ ಕಲಿಯುವವರೆಲ್ಲ ಓದಲೇಬೇಕು ಅಂತ ಈಗಲೂ ಅನ್ನುತ್ತೇನೆ. ಕೊನೆಯಲ್ಲಿ ಆಕೆ ಉಳಿಯುವುದಿಲ್ಲ.

ನನಗೆ ಗೊತ್ತಿಲ್ಲದ ಸಂಗತಿ ಏನೆಂದರೆ ಆ ವಾರ ಅವರ ತಾಯಿಗೆ ತಲೆಯ ಸ್ಕ್ಯಾನ್ ಆಗಿತ್ತು. ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದರು. ಅವರು ಕೆಲಸದ ಜಾಗದಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ. ರಾತ್ರಿ ತಾಯಿ ಮಲಗಿದ ಮೇಲೆ, ಹೇಗೂ ನಿದ್ದೆ ಬರುವುದಿಲ್ಲ ಅಂತ, ನಾನು ಕಳಿಸಿದ್ದನ್ನು ತೆರೆದಿದ್ದಾರೆ. ಶುರು ಮಾಡಿದ ಮೇಲೆ ನಿಲ್ಲಿಸಲು ಆಗಿಲ್ಲ, ಯಾಕೆಂದರೆ ಆ ಬರಹ ಬಿಡುವುದೇ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು. “ಕೊನೇಲಿ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತಲ್ವಾ?” ಅಂದರು. ಗೊತ್ತಿತ್ತು ಅಂದೆ. “ಒಂದು ಮಾತು ಹೇಳಬಹುದಿತ್ತಲ್ವಾ?” ಅಂದರು. ಆಮೇಲೆ ತಾಯಿಯ ವಿಷಯ ಹೇಳಿದರು. ನಾನು ಫೋನು ಹಿಡಿದುಕೊಂಡೇ ಕೂತೆ, ಏನು ಹೇಳಬೇಕೋ ತೋಚಲಿಲ್ಲ.

ನಾನು ಅವರಿಗೆ ಬರಹ ಕಳಿಸಿದ್ದೆ, ಅವರನ್ನು ವಿಚಾರಿಸಿಕೊಂಡಿರಲಿಲ್ಲ. ‘ಹೇಗಿದ್ದೀರಿ, ಈಗ ಏನು ಓದೋ ಮನಸ್ಸಿದೆ?’ ಎಂಬಷ್ಟು ಕೇಳಿದ್ದರೂ ಬಹುಶಃ ಮಾತು ಬೇರೆ ಕಡೆ ಹೋಗುತ್ತಿತ್ತು. ಇದು ಯಾವ ಥರದ ಕಥೆ, ಸಾವಿದೆಯೇ, ಮಕ್ಕಳ ನೋವಿದೆಯೇ, ಆಸ್ಪತ್ರೆಯಿದೆಯೇ ಎಂದು ಮುಂಚೆ ಹೇಳಿದರೆ ಬರಹದ ಬಿಗಿ ಹೋಗುತ್ತದೆ ಎಂದು ವಾದಿಸುವವರಿದ್ದಾರೆ, ನಾನೂ ಹಾಗೇ ನಂಬಿದ್ದೆ. ಈಗ ನಂಬುವುದಿಲ್ಲ. ಗಟ್ಟಿ ಬರಹ ಕೊನೆ ಗೊತ್ತಿದ್ದರೂ ನಿಲ್ಲುತ್ತದೆ. ಓದುವವರ ಎದೆ ಎಲ್ಲ ದಿನ ಒಂದೇ ಥರ ಗಟ್ಟಿಯಿರುವುದಿಲ್ಲ.

ಆ ತಾಯಿ ಗುಣವಾದರು. ಮೂರ್ನಾಲ್ಕು ತಿಂಗಳ ಮೇಲೆ, ನಾನು ಆ ವಿಷಯ ಎತ್ತುವ ಧೈರ್ಯವನ್ನೇ ಮಾಡದಿದ್ದಾಗ, ಅವರಾಗಿಯೇ ಹೇಳಿದರು, ಅದನ್ನು ಇನ್ನೊಮ್ಮೆ ಓದಿದೆ ಅಂತ. ಆ ಬರಹದ ಕಡೆಯಲ್ಲಿ, ಸೋತು ಹೊರಬಂದ ಸರ್ಜನ್ ತನ್ನ ಊಟದ ಪೊಟ್ಟಣ ಬಿಚ್ಚಿ ಸ್ಯಾಂಡ್‌ವಿಚ್ ತಿನ್ನುತ್ತಾರೆ. ನಾನು ಅದನ್ನು ಬರಹಗಾರನ ಕಸುಬಿನ ಗುರುತಾಗಿ ಓದಿದ್ದೆ, ಎಂಥ ತಣ್ಣನೆಯ ಮುಕ್ತಾಯ ಎಂದು ಮೆಚ್ಚಿದ್ದೆ. ಅವರು ಅಂದರು, “ಮೊದಲ ಸಲ ಆ ಡಾಕ್ಟರ ಮೇಲೆ ಸಿಟ್ಟು ಬಂತು. ಈ ಸಲ ಹಾಗೆ ಅನ್ನಿಸಲಿಲ್ಲ. ಅಮ್ಮನಿಗೆ ಆಪರೇಷನ್ ಮಾಡಿದವರೂ ಹಿಂದಿನ ದಿನ ಇನ್ಯಾರನ್ನೋ ಕಳಕೊಂಡಿರಬಹುದು. ಅವರು ಊಟ ಮಾಡದಿದ್ರೆ ಮಾರನೇ ದಿನ ಅಮ್ಮನ ತಲೆ ಮೇಲೆ ಕೈ ಇಡೋರು ಯಾರು?” ಆ ಬರಹವನ್ನು ನಾನು ಅಷ್ಟು ಸಲ ಓದಿದ್ದೆ. ಈ ಮಾತು ನನಗೆ ಹೊಳೆದಿರಲಿಲ್ಲ.

ಒಂದು ಹಿಡಿ ಕಥೆ

ಈಗ ನಾನು ‘ತಪ್ಪದೆ ಓದಿ’ ಎಂದು ಬರೆಯುವುದನ್ನು ಬಿಟ್ಟಿದ್ದೇನೆ. ಗುಂಪಿಗೆ ಹಾಕುವುದನ್ನೂ ಬಿಟ್ಟಿದ್ದೇನೆ. ಅರವತ್ತು ಜನರಿಗೆ ಒಟ್ಟಿಗೆ ಹೇಳಿದ್ದು ಯಾರೊಬ್ಬರಿಗೂ ಹೇಳಿದಂತಾಗುವುದಿಲ್ಲ. ಬರಹ ಓದಿದ ಮೇಲೆ ಒಂದೆರಡು ದಿನ ಬಿಡುತ್ತೇನೆ. ಅಷ್ಟರಲ್ಲಿ ಮನಸ್ಸಿನಲ್ಲಿ ತಾನಾಗಿ ಒಂದು ಮುಖ ಮೂಡುತ್ತದೆ, ಇದು ಇವರಿಗೆ ಅಂತ. ಮುಖ ಮೂಡದಿದ್ದರೆ ಅದು ನನಗಷ್ಟೇ ಬೇಕಾಗಿದ್ದ ಬರಹ. ಮೂಡಿದರೆ ಆ ಬರಹದಿಂದ ಒಂದು ಹಿಡಿಯಷ್ಟನ್ನು ಬಾಯಿಯಲ್ಲೇ ಹೇಳುತ್ತೇನೆ. ಉಳಿದದ್ದಕ್ಕೆ ಅವರಾಗಿಯೇ ಕೈ ಚಾಚಿದರೆ ಮಾತ್ರ ಲಿಂಕು.

ಕ್ಯಾಥರಿನ್ ಶುಲ್ಜ್ ಅವರ ‘ದಿ ರಿಯಲಿ ಬಿಗ್ ಒನ್’ ಅನ್ನು ನಾನು ಹೀಗೇ ನಾಲ್ಕೈದು ಜನರಿಗೆ ದಾಟಿಸಿದ್ದೇನೆ. 2015ರ ಜುಲೈನಲ್ಲಿ ಬಂದದ್ದು, ಮರುವರ್ಷ ಪುಲಿಟ್ಜರ್ ಪಡೆದದ್ದು. ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಮುಂದೊಂದು ದಿನ ಆಗಲಿರುವ ಭಾರಿ ಭೂಕಂಪದ ವರದಿ ಅಂದರೆ ಯಾರೂ ಕಿವಿಗೊಡುವುದಿಲ್ಲ. ನಾನು ಹೇಳುವುದು ಹೀಗೆ. ಅಲ್ಲಿ ಒಂದು ನದಿಯ ದಡದಲ್ಲಿ ಸತ್ತ ದೇವದಾರು ಜಾತಿಯ ಮರಗಳ ಕಾಡಿದೆ, ಎಲೆಯಿಲ್ಲ, ತೊಗಟೆಯಿಲ್ಲ, ಬೂದುಬಣ್ಣದ ಬೊಡ್ಡೆಗಳು ನಿಂತೇ ಇವೆ. ನಿಧಾನವಾಗಿ ಸತ್ತಿರಬೇಕು ಎಂದು ಜನ ತಿಳಿದಿದ್ದರು. ಮರದ ಉಂಗುರ ಎಣಿಸಿದವರಿಗೆ ಗೊತ್ತಾಯಿತು, ಎಲ್ಲವೂ ಒಟ್ಟಿಗೆ ಸತ್ತಿವೆ, 1699ರ ಆಗಸ್ಟ್ ಮತ್ತು 1700ರ ಮೇ ತಿಂಗಳ ನಡುವೆ. ನೆಲ ಒಮ್ಮೆಲೇ ಕುಸಿದು ಉಪ್ಪುನೀರು ಬೇರಿಗೆ ನುಗ್ಗಿದೆ. ಆದರೆ ಯಾವ ದಿನ? ಆ ಕರಾವಳಿಯಲ್ಲಿ ಆಗ ಬರೆದಿಡುವವರು ಇರಲಿಲ್ಲ. ಉತ್ತರ ಸಿಕ್ಕಿದ್ದು ಮಹಾಸಾಗರದ ಆಚೆ ದಡದಲ್ಲಿ, ಜಪಾನಿನಲ್ಲಿ. ಅಲ್ಲಿನ ಹಳೆಯ ದಾಖಲೆಗಳಲ್ಲಿ ತಾಯಿಯಿಲ್ಲದ ಒಂದು ಅಲೆಯ ಮಾತಿದೆ. ನೆಲ ನಡುಗಲೇ ಇಲ್ಲ, ಸಮುದ್ರ ಮಾತ್ರ ಉಕ್ಕಿ ಬಂತು. ಆ ಅಲೆ ಎಷ್ಟು ದೂರ ಎಷ್ಟು ಹೊತ್ತು ಹರಿದಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ, ಆ ಮರಗಳು ಮುಳುಗಿದ್ದು 1700ರ ಜನವರಿ 26, ರಾತ್ರಿ ಸುಮಾರು ಒಂಬತ್ತು ಗಂಟೆ.

ಇಷ್ಟು ಹೇಳುವುದಕ್ಕೆ ಎರಡು ನಿಮಿಷ ಸಾಕು. ಕೇಳಿದವರ ಕಣ್ಣು ಅಗಲವಾದರೆ, ‘ಹಾಗಾದ್ರೆ ಮತ್ತೆ ಯಾವಾಗ?’ ಎಂದು ಅವರೇ ಕೇಳಿದರೆ, ಆಗ ಹೇಳುತ್ತೇನೆ. ಇದಕ್ಕೆ ಮುಕ್ಕಾಲು ಗಂಟೆ ಬೇಕು, ಕೊನೆಗೆ ಭಯವಾಗುತ್ತದೆ, ರಾತ್ರಿ ಓದಬೇಡಿ. ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳುವುದು ಸಣ್ಣ ಸಂಗತಿಯಲ್ಲ. ಅರ್ಧಕ್ಕೆ ಬಿಟ್ಟವರಲ್ಲಿ ಎಷ್ಟೋ ಜನ ಬರಹ ಹಿಡಿಸದೆ ಬಿಟ್ಟವರಲ್ಲ, ಬಸ್ಸಿಗೆ ಕಾಯುವ ಹತ್ತು ನಿಮಿಷಕ್ಕೆ ಒಂದು ಗಂಟೆಯ ಬರಹವನ್ನು ತೆರೆದವರು.

ಇನ್ನೊಂದು ಮಾತಿದೆ, ನಂಬಿಕೆಯದು. ಒಂದು ವರದಿಯನ್ನು ಕೊಟ್ಟಾಗ ಅದರಲ್ಲಿರುವುದು ನಿಜ ಎಂಬುದಕ್ಕೆ ನಾನೂ ಒಂದು ಜಾಮೀನು ಬರೆದುಕೊಟ್ಟ ಹಾಗೆ. 2018ರ ಡಿಸೆಂಬರಿನಲ್ಲಿ ಜರ್ಮನಿಯ ‘ಡೆರ್ ಶ್ಪೀಗೆಲ್’ ವಾರಪತ್ರಿಕೆ ತನ್ನ ಹೆಸರಾಂತ ವರದಿಗಾರ ಕ್ಲಾಸ್ ರೆಲೋಟಿಯಸ್ ಪಾತ್ರಗಳನ್ನೂ ಮಾತುಗಳನ್ನೂ ದೃಶ್ಯಗಳನ್ನೂ ಹುಟ್ಟಿಸಿ ಬರೆದಿದ್ದ ಎಂದು ತಾನೇ ಪ್ರಕಟಿಸಿತು. ಪ್ರಶಸ್ತಿಗಳ ಮೇಲೆ ಪ್ರಶಸ್ತಿ ಪಡೆದವನಾತ. ಅದನ್ನು ಹಿಡಿದದ್ದು ಜೊತೆಯಲ್ಲಿ ವರದಿ ಮಾಡಿದ್ದ ಹುವಾನ್ ಮೊರೆನೋ ಎಂಬ ಇನ್ನೊಬ್ಬ ವರದಿಗಾರ, ಅದೂ ತನ್ನ ಕೆಲಸವನ್ನೇ ಪಣಕ್ಕಿಟ್ಟು. ಆ ಸುದ್ದಿ ಓದಿದ ಮೇಲೆ ನನ್ನ ಓದು ಸ್ವಲ್ಪ ಬದಲಾಯಿತು. ಬೇಕಾದ ಜಾಗದಲ್ಲಿ ಬೇಕಾದ ಹಾಡೇ ಕೇಳಿಬರುವ, ಎಲ್ಲರೂ ಕಥೆಗೆ ತಕ್ಕ ಮಾತನ್ನೇ ಆಡುವ ವರದಿ ಕಂಡರೆ ಈಗ ನಿಲ್ಲುತ್ತೇನೆ. ಇದನ್ನು ಬರೆದವರಿಗೆ ಹೇಗೆ ಗೊತ್ತಾಯಿತು? ಅವರು ಅಲ್ಲಿದ್ದರೇ, ಯಾರಾದರೂ ಹೇಳಿದರೇ, ಕಾಗದ ಇದೆಯೇ? ಒಳ್ಳೆಯ ವರದಿಗಾರರು ಇದಕ್ಕೆ ಬರಹದೊಳಗೇ ಎಲ್ಲಾದರೂ ಉತ್ತರ ಇಟ್ಟಿರುತ್ತಾರೆ. ಇಲ್ಲದಿದ್ದರೆ, ಎಷ್ಟೇ ಚೆಂದವಿದ್ದರೂ, ನಾನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ.

ಹನ್ನೊಂದು ಸಂಜೆ

ನಾನು ಇಲ್ಲಿವರೆಗೆ ಹೇಳಿದ ಬರಹಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಓದುವವರಿಗೆ ಹೇಳುವಾಗ ಇದು ಸದಾ ಚುಚ್ಚುತ್ತದೆ. ಇಂಗ್ಲಿಷನ್ನು ಕಷ್ಟಪಟ್ಟು ಓದುವ ಗೆಳೆಯರಿಗೆ ನನ್ನ ಒಂದು ಗಂಟೆ ಅಂದರೆ ನಾಲ್ಕು ಗಂಟೆ, ನಡುವೆ ಹತ್ತು ಸಲ ನಿಘಂಟು. ಪಿ. ಸಾಯಿನಾಥ್ ಬಡ ಜಿಲ್ಲೆಗಳಲ್ಲಿ ತಿರುಗಿ ಬರೆದ ವರದಿಗಳ 1996ರ ಪುಸ್ತಕ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ಬಂದಿದೆ, ಅವರು 2014ರಲ್ಲಿ ಶುರುಮಾಡಿದ, ಹಳ್ಳಿಗಳ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣದ ವರದಿಗಳೂ ಕನ್ನಡದಲ್ಲಿ ಸಿಗುತ್ತವೆ. ಕೇಳಿದವರಿಗೆ ಮೊದಲು ಇವನ್ನೇ ಹೇಳುತ್ತೇನೆ. ಉಳಿದದ್ದಕ್ಕೆ ಒಂದೇ ದಾರಿ ನನಗೆ ಸಿಕ್ಕಿರುವುದು, ಅದು ಸಿಕ್ಕಿದ್ದೂ ದೊಡ್ಡಪ್ಪನಿಂದ.

ದೊಡ್ಡಪ್ಪ ಜೀವಮಾನವೆಲ್ಲ ಓದಿದವರು. ಪತ್ರಿಕೆಯ ಸಾಲಿನ ಕೆಳಗೆ ಬೆರಳಿಟ್ಟು, ಒಂದು ಮೂಲೆಯನ್ನೂ ಬಿಡದೆ. ಎಪ್ಪತ್ತೆಂಟು ವಯಸ್ಸಿನ ಹೊತ್ತಿಗೆ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂತು. ಎದುರಿಗಿದ್ದವರ ಮುಖದ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ ಅನ್ನುತ್ತಿದ್ದರು. ಅಕ್ಷರ ಪೂರ್ತಿ ಹೋಯಿತು. ಒಂದು ಸಂಜೆ ನಾನು ಅವರ ಹಾಸಿಗೆಯ ಪಕ್ಕ ಕೂತು ಫೋನಿನಲ್ಲಿ ಜಾನ್ ಹರ್ಸಿಯ ‘ಹಿರೋಷಿಮಾ’ ಓದುತ್ತಿದ್ದೆ. “ಏನೋ ಅದು, ಆಗಿಂದ ಓದ್ತಾನೇ ಇದೀಯ?” ಅಂದರು. ಹೇಳಿದೆ. “ನಂಗೂ ಓದೋ” ಅಂದರು. ಹಾಗೆ ಶುರುವಾಯಿತು. ಒಂದು ವಾಕ್ಯ ಕಣ್ಣಲ್ಲಿ ಓದಿಕೊಳ್ಳುವುದು, ಕನ್ನಡದಲ್ಲಿ ಬಾಯಿಬಿಟ್ಟು ಹೇಳುವುದು. ಮೊದಲ ಪುಟಕ್ಕೇ ಅರ್ಧ ಗಂಟೆ ಹಿಡಿಯಿತು.

1945ರ ಆಗಸ್ಟ್ 6, ಬೆಳಿಗ್ಗೆ ಎಂಟೂಕಾಲು. ಹರ್ಸಿ ಬಾಂಬಿನಿಂದ ಶುರು ಮಾಡುವುದಿಲ್ಲ, ಆರು ಜನ ಆ ಕ್ಷಣದಲ್ಲಿ ಏನು ಮಾಡುತ್ತಿದ್ದರು ಎಂಬುದರಿಂದ ಶುರು ಮಾಡುತ್ತಾರೆ. ತೋಶಿಕೋ ಸಸಾಕಿ ಎಂಬ ಗುಮಾಸ್ತೆ ಕಾರ್ಖಾನೆಯ ಆಫೀಸಿನಲ್ಲಿ ತನ್ನ ಜಾಗದಲ್ಲಿ ಈಗಷ್ಟೇ ಕೂತು, ಪಕ್ಕದ ಮೇಜಿನ ಹುಡುಗಿಗೆ ಏನೋ ಹೇಳಲು ಕತ್ತು ತಿರುಗಿಸುತ್ತಿದ್ದಾಳೆ. ಡಾಕ್ಟರ್ ಫುಜೀ ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದಾರೆ. ನಕಮುರಾ ಎಂಬ ವಿಧವೆ ಅಡುಗೆಮನೆ ಕಿಟಕಿಯಿಂದ, ನೆರೆಯವನು ತನ್ನ ಮನೆಯನ್ನು ತಾನೇ ಕೆಡವುತ್ತಿರುವುದನ್ನು ನೋಡುತ್ತಿದ್ದಾಳೆ. ಒಬ್ಬ ಜರ್ಮನ್ ಪಾದ್ರಿ ಮಲಗಿಕೊಂಡು ಮ್ಯಾಗಜೀನ್ ಓದುತ್ತಿದ್ದಾರೆ. ಇಷ್ಟು ಹೇಳುವಷ್ಟರಲ್ಲಿ ದೊಡ್ಡಪ್ಪ ಕೈ ಎತ್ತಿ ನಿಲ್ಲಿಸಿದರು.

“ಆ ಹುಡುಗಿ ಏನು ಹೇಳೋಕೆ ಅಂತ ತಿರುಗಿದ್ಲು?”

ಪುಟ ಹಿಂದೆಮುಂದೆ ಮಾಡಿ ನೋಡಿದೆ. “ಬರೆದಿಲ್ಲ ದೊಡ್ಡಪ್ಪ” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವಳಿಗೇ ನೆನಪಿರಲಿಕ್ಕಿಲ್ಲ ಬಿಡು” ಅಂದರು. ಮತ್ತೆ, “ನೋಡು, ಇಬ್ಬರು ಓದ್ತಾ ಕೂತಿದ್ರು.”

ಮರುಸಂಜೆ ಮುಂದಕ್ಕೆ ಹೋದೆವು. ಸಸಾಕಿಯ ಹಿಂದೆ ಇದ್ದ ಪುಸ್ತಕದ ಕಪಾಟುಗಳು ಅವಳ ಮೇಲೆ ಬೀಳುತ್ತವೆ, ಎಡಗಾಲು ಅಡಿಯಲ್ಲಿ ಸಿಕ್ಕಿ ಮುರಿಯುತ್ತದೆ. ಅಣುಯುಗದ ಮೊದಲ ಗಳಿಗೆಯಲ್ಲಿ ಒಬ್ಬ ಮನುಷ್ಯಳು ಪುಸ್ತಕಗಳ ಅಡಿ ನಲುಗುತ್ತಿದ್ದಳು ಎಂಬರ್ಥದ ಮಾತನ್ನು ಹರ್ಸಿ ಅಲ್ಲಿ ಬರೆಯುತ್ತಾರೆ. ಅದನ್ನು ಕನ್ನಡದಲ್ಲಿ ಹೇಳಲು ಹೋಗಿ ನನ್ನ ಗಂಟಲು ಕಟ್ಟಿತು, ಎರಡು ಸಲ ಹೇಳಬೇಕಾಯಿತು. ಅವಳನ್ನು ಹೊರಗೆ ತಂದವರು ಒಂದು ತಗಡಿನ ಮರೆಯಲ್ಲಿ, ತುಂಬ ಗಾಯಗೊಂಡಿದ್ದ ಇನ್ನಿಬ್ಬರ ಜೊತೆ ಕೂರಿಸಿ ಹೋಗುತ್ತಾರೆ. ಎರಡು ದಿನ ಅನ್ನನೀರಿಲ್ಲದೆ ಅವಳು ಅಲ್ಲೇ ಇರುತ್ತಾಳೆ. ಅಂದಿನಿಂದ ದೊಡ್ಡಪ್ಪ ಪ್ರತಿ ಸಂಜೆ ಮೊದಲು ಕೇಳುತ್ತಿದ್ದುದು ಒಂದೇ, “ಆ ಪುಸ್ತಕದ ಕೆಳಗಿನ ಹುಡುಗಿ ಬದುಕಿದಾಳಾ?” ನನಗೆ ಗೊತ್ತಿತ್ತು. ಆ ಫೋನು ಕರೆ ನೆನಪಾಗಿ, ಹೇಳಿಬಿಡಲೇ ದೊಡ್ಡಪ್ಪ ಅಂತ ಮೊದಲೇ ಕೇಳಿದ್ದೆ. “ಬೇಡ. ಅವಳ ಜೊತೇಲೇ ಹೋಗೋಣ” ಅಂದಿದ್ದರು.

ಹರ್ಸಿಯ ಆ ವರದಿ ಸುಮಾರು 31,000 ಪದಗಳದ್ದು. ನಾಲ್ಕು ಕಂತಾಗಿ ಹಾಕುವುದೆಂದು ಮೊದಲು ಯೋಚಿಸಿದ್ದರು. ವಿಲಿಯಂ ಶಾನ್ ಎಂಬ ಸಂಪಾದಕರು ಬೇಡ, ಒಟ್ಟಿಗೇ ಬರಲಿ ಎಂದು ಒತ್ತಾಯಿಸಿದ್ದರಿಂದ 1946ರ ಆಗಸ್ಟ್ 31ರ ‘ನ್ಯೂಯಾರ್ಕರ್’ ಸಂಚಿಕೆಯ ಲೇಖನಗಳ ಜಾಗವೆಲ್ಲ ಅದಕ್ಕೇ ಮೀಸಲಾಯಿತು. ಮರುತಿಂಗಳು ಎಬಿಸಿ ರೇಡಿಯೋ ಅದನ್ನು ನಾಲ್ಕು ಸಂಜೆ ಗಟ್ಟಿಯಾಗಿ ಓದಿಸಿತು. ನಾನು ಇದನ್ನು ತಿಳಿದದ್ದು ಆಮೇಲೆ. ಆದರೆ ಕೇಳಿಸಿಕೊಳ್ಳುವುದಕ್ಕೂ ಅದು ತಕ್ಕ ಬರಹ ಎಂಬುದು ಮೂರನೇ ಸಂಜೆಗೇ ಗೊತ್ತಾಗಿತ್ತು. ಅದರಲ್ಲಿ ಎಲ್ಲೂ ಎತ್ತರದ ದನಿಯಿಲ್ಲ. ಯಾರು ಎಲ್ಲಿ ನಿಂತಿದ್ದರು, ಏನು ಹೊತ್ತುಕೊಂಡರು, ಯಾವ ಕಡೆ ನಡೆದರು. ಬಾಯಿಂದ ಬಾಯಿಗೆ ಹೋಗಬಲ್ಲ ಮಾತುಗಳು. ನನ್ನ ಅನುವಾದ ಒರಟಾಗಿತ್ತು, ತಪ್ಪಿದ ಜಾಗಗಳೂ ಇದ್ದವು. ದೊಡ್ಡಪ್ಪ ಸರಿಯಾಗಿ ಅಲ್ಲೇ ಹಿಡಿಯುತ್ತಿದ್ದರು, “ಅದು ಹಾಗಿರಲಿಕ್ಕಿಲ್ಲ, ಇನ್ನೊಮ್ಮೆ ನೋಡು.” ಮತ್ತೆ ನೋಡಿದರೆ ನಾನು ಒಂದು ‘ಇಲ್ಲ’ವನ್ನು ನುಂಗಿರುತ್ತಿದ್ದೆ.

ಹನ್ನೊಂದು ಸಂಜೆ ಆಯಿತು, ಹರ್ಸಿ ಆ ಆರು ಜನರನ್ನು ಮತ್ತೆ ಹುಡುಕಿಕೊಂಡು ಹೋಗಿ 1985ರಲ್ಲಿ ಬರೆದ ಭಾಗವೂ ಸೇರಿ. ಸಸಾಕಿ ಬದುಕಿದ್ದಳು. ಕ್ರೈಸ್ತ ಸನ್ಯಾಸಿನಿಯಾಗಿದ್ದಳು. ಅದನ್ನು ಓದಿದಾಗ ದೊಡ್ಡಪ್ಪ ಏನೂ ಹೇಳಲಿಲ್ಲ, ಕಾಲು ನೀವಿಕೊಂಡರು. ಎಡಗಾಲು.

ಮೂರು ವಾರ ಕಳೆದಿರಬೇಕು. ಅವರ ಹಳೆಯ ಗೆಳೆಯರೊಬ್ಬರು ಬಂದಿದ್ದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಆರೋಗ್ಯ, ಮಕ್ಕಳು, ಔಷಧಿ ಎಲ್ಲ ಮುಗಿದು ಮಾತು ತಣ್ಣಗಾದ ಹೊತ್ತಿನಲ್ಲಿ ದೊಡ್ಡಪ್ಪನ ದನಿ ಕೇಳಿಸಿತು.

“ಒಬ್ಬಳು ಹುಡುಗಿ ಇದ್ಲಯ್ಯಾ. ಬೆಳಿಗ್ಗೆ ಎಂಟೂಕಾಲು. ಆಗ ತಾನೇ ಬಂದು ಕೂತಿದಾಳೆ. ಪಕ್ಕದ ಮೇಜಿನವಳಿಗೆ ಏನೋ ಹೇಳೋಣ ಅಂತ ಹಿಂಗೆ ಕತ್ತು ತಿರುಗಿಸಿದ್ಲು.”

ಅಷ್ಟಕ್ಕೇ ನಿಲ್ಲಿಸಿದರು.

“ಆಮೇಲೆ?” ಅಂದರು ಗೆಳೆಯರು.

“ಅದು ನಾನು ಹೇಳಿದ್ರೆ ಆಗಲ್ಲ. ಸಂಜೆ ಬಾ, ಇವನು ಓದಿ ಹೇಳ್ತಾನೆ. ಹನ್ನೊಂದು ದಿನ ಬರಬೇಕಾಗುತ್ತೆ, ನೋಡ್ಕೋ.”